ಸೀಸನ್ ಶುರು, ಮೊದಲ ಮ್ಯಾಚ್‌ಗೇ ಇಷ್ಟು ಟೆನ್ಶನ್ನಾ?

ಇದು ಶಾಂತಿನಗರದ ಹಾಕಿ ಸ್ಟೇಡಿಯಂ. ನಮ್ಮ ಅಕ್ಕನ ಮಗನ ಟೀಮಿಗೆ ಇವತ್ತು ಸೀಸನ್‌ನ ಮೊದಲ ಮ್ಯಾಚ್. ಹುಡುಗರೆಲ್ಲ 14, 15 ವಯಸ್ಸಿನವರು. ವಾರ್ಮ್ ಅಪ್ ನಡೆಯುತ್ತಿದೆ, ಒಬ್ಬರೂ ಮಾತಾಡುತ್ತಿಲ್ಲ ನೋಡಿ. ಬೇರೆ ದಿನ ಇವರ ಬಾಯಿ ಮುಚ್ಚಿಸೋಕೆ ಕೋಚ್ ಸರ್ ಸೀಟಿ ಊದಬೇಕು.

ಟರ್ಫ್‌ಗೆ, ಅಂದರೆ ಗ್ರೌಂಡಿಗೆ ಹಾಸಿರುವ ಕೃತಕ ಹುಲ್ಲಿಗೆ, ನೀರು ಬಿಡುತ್ತಿದ್ದಾರೆ. ರಾತ್ರಿ ಮಳೆ ಬಂದಿದೆ, ಮತ್ತೆ ನೀರು ಯಾಕೆ ಅಂತ ನನ್ನ ಪಕ್ಕ ಕೂತಿದ್ದವರು ಕೇಳಿದರು. ಟರ್ಫ್ ಚೆನ್ನಾಗಿ ಒದ್ದೆಯಾಗಿದ್ದರೆ ಬಾಲ್ ನೆಲ ಬಿಡದೆ ವೇಗವಾಗಿ ಓಡುತ್ತದೆ. ಬಿದ್ದರೆ ಮಂಡಿಯ ಚರ್ಮವೂ ಅಷ್ಟು ಕಿತ್ತು ಬರುವುದಿಲ್ಲ. ಆದರೆ ಈ ಹುಡುಗರು ಇಷ್ಟು ದಿನ ಆಡಿದ್ದು ಮಣ್ಣಿನ ಗ್ರೌಂಡ್‌ನಲ್ಲಿ. ಅಲ್ಲಿ ಬಾಲ್ ಸಣ್ಣ ಕಲ್ಲಿಗೆ ತಾಗಿ ಎಗರುತ್ತದೆ. ಹಾಗಾಗಿ ಬಾಲ್ ಹತ್ತಿರ ಬರುವ ತನಕ ಕಾದು ಟ್ರ್ಯಾಪ್ ಮಾಡುವುದು, ಅಂದರೆ ಸ್ಟಿಕ್‌ನಿಂದ ತಡೆದು ನಿಲ್ಲಿಸುವುದು, ಕೈಗೆ ಅಭ್ಯಾಸ. ಟರ್ಫ್ ಮೇಲೆ ಹಾಗೆ ಕಾದರೆ ಮುಗಿಯಿತು. ಸ್ಟಿಕ್ ಕೆಳಗಿಡುವಷ್ಟರಲ್ಲಿ ಬಾಲ್ ಹಿಂದಕ್ಕೆ ಹೋಗಿರುತ್ತದೆ.

ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಟರ್ಫ್ ಮೇಲೆ ಹಾಕಿ ಆಡಿಸಿದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೇ ಸ್ಥಾನಕ್ಕೆ ಬಿತ್ತು. ಅಂಥವರೇ ತಡವರಿಸಿದ್ದಾರೆ. ಇಲ್ಲಿ ಎಂಟನೇ ಕ್ಲಾಸಿನ ಹುಡುಗ ಮೊದಲ ಪಾಸ್ ಬಿಟ್ಟರೆ ಗ್ಯಾಲರಿಯಿಂದ "ಏನೋ ಅದು, ಕಣ್ಣು ಕಾಣಲ್ವಾ?" ಅಂತ ಕೂಗು. ಕೂಗಿದ್ದು ಬೇರೆ ಯಾರೂ ಅಲ್ಲ, ಅವನ ಅಪ್ಪ.

ಈಗ ಬಲಗಡೆ ಆಡುತ್ತಿರುವ ನಮ್ಮ ಹುಡುಗನನ್ನು ನೋಡಿ. ಓಡುತ್ತಾನೆ, ನಿಂತು ಮಂಡಿ ಒತ್ತಿಕೊಳ್ಳುತ್ತಾನೆ. ಏಪ್ರಿಲ್, ಮೇ ಪೂರ್ತಿ ರಜೆ, ಅಜ್ಜಿ ಊರು, ಹಲಸಿನ ಹಣ್ಣು. ಸ್ಕೂಲ್ ಶುರುವಾದ ಕೂಡಲೇ ದಿನಾ ಪ್ರಾಕ್ಟೀಸ್, ವಾರದ ಕೊನೆಗೆ ಮ್ಯಾಚ್, ನಡುವೆ ಸೆಲೆಕ್ಷನ್ ಟ್ರಯಲ್ಸ್. ಈ ವಯಸ್ಸಿನಲ್ಲಿ ಮೂಳೆ ಸರಸರ ಬೆಳೆಯುತ್ತಿರುತ್ತದೆ, ಸ್ನಾಯು ಬಿಗಿಯಾಗಿರುತ್ತದೆ. ಮಂಡಿಚಿಪ್ಪಿನ ಕೆಳಗೆ ಇನ್ನೂ ಪೂರ್ತಿ ಗಟ್ಟಿಯಾಗದ ಮೂಳೆಯನ್ನು ತೊಡೆಯ ಸ್ನಾಯು ಎಳೆದೆಳೆದು ನೋವು ಬರುತ್ತದೆ. ಜಾಸ್ತಿ ಓಡಿದಷ್ಟೂ ನೋವು ಜಾಸ್ತಿ. ಓಟವನ್ನು ವಾರವಾರ ಸ್ವಲ್ಪ ಸ್ವಲ್ಪವೇ ಏರಿಸಿದರೆ ಎಷ್ಟೋ ಮಕ್ಕಳಿಗೆ ಈ ಗೋಳು ಇರುವುದಿಲ್ಲ. ಟೂರ್ನಮೆಂಟ್ ಡೇಟ್ ಎಲ್ಲಿ ಕಾಯುತ್ತದೆ?

"ಚಿಕ್ಕಮ್ಮ, ಸರ್‌ಗೆ ಹೇಳ್ಬೇಡ ಪ್ಲೀಸ್. ಟ್ರಯಲ್ಸ್ ಮುಗೀಲಿ" ಅಂದ. ನಾನು ಹೇಳಿದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ, ಬಿಡಲಿ.

ಟ್ರಯಲ್ಸ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸೆಲೆಕ್ಟರ್ ಕಣ್ಣಿಗೆ ಬೀಳಬೇಕು ಅಂತ ಯಾರೂ ಬಾಲ್ ಬಿಡುವುದಿಲ್ಲ. ಮೂವರನ್ನು ಡ್ರಿಬಲ್ ಮಾಡಿ ನಾಲ್ಕನೆಯವನಿಗೆ ಕಳೆದುಕೊಳ್ಳುತ್ತಾರೆ. ಇವತ್ತು ಫಸ್ಟ್ ಹಾಫ್ ಪೂರ್ತಿ ಇದೇ ಕಥೆ.

ಬೆಂಚಿನಲ್ಲಿ ಹೆಲ್ಮೆಟ್ ತೊಡೆ ಮೇಲಿಟ್ಟುಕೊಂಡು ಕೂತಿದ್ದಾನಲ್ಲ, ಅವನು ಎರಡನೇ ಗೋಲ್‌ಕೀಪರ್. ನನಗೆ ಪಾಪ ಅನಿಸುವುದು ಇವನ ಬಗ್ಗೆಯೇ. ಹಾಕಿಯಲ್ಲಿ ಆಟ ನಿಲ್ಲಿಸದೆ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದು. ಫಾರ್ವರ್ಡ್‌ಗೆ ಐದು ನಿಮಿಷವಾದರೂ ಸಿಗುತ್ತದೆ. ಕೀಪರ್‌ನನ್ನು ಮಾತ್ರ ಸುಮ್ನೆ ಯಾರೂ ಬದಲಾಯಿಸುವುದಿಲ್ಲ. ಆಡುವವನಿಗೂ ಸುಖವಿಲ್ಲ, ಡಿಫೆನ್ಸ್ ನಿದ್ದೆ ಮಾಡಿದರೂ ಗೋಲು ಅವನ ಲೆಕ್ಕಕ್ಕೆ. ಭಾರತದ ಗೋಲ್‌ಕೀಪರ್ ಆಗಿದ್ದ ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್ 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪೆನಾಲ್ಟಿ ಸ್ಟ್ರೋಕ್‌ಗಳನ್ನು ತಡೆದು, 32 ವರ್ಷದ ನಂತರ ಚಿನ್ನ ಬರುವ ಹಾಗೆ ಮಾಡಿದರು. ಆ ಕಥೆ ಇಬ್ಬರು ಕೀಪರ್‌ಗಳಿಗೂ ಬಾಯಿಪಾಠ. ಆದರೆ ಪ್ಯಾಡ್ ಸೆಟ್ ಒಂದೇ ಇದೆ. ಅದೂ ದೊಡ್ಡವನ ಅಳತೆಯದು. ಸಣ್ಣವನಿಗೆ ಬೆಲ್ಟ್ ಎಷ್ಟು ಬಿಗಿದರೂ ಕಾಲು ಒಳಗೆ ತಿರುಗುತ್ತದೆ.

ಮ್ಯಾಚ್ 1-4. ಸೋತರು. ಕೊನೆ ಕ್ವಾರ್ಟರ್‌ನಲ್ಲಿ ಟ್ರ್ಯಾಪ್ ಕೂರುತ್ತಿತ್ತು, ಪಾಸ್ ಹೋಗುತ್ತಿತ್ತು. ಆಗ ಆಡುತ್ತಿದ್ದವರಲ್ಲಿ ಅರ್ಧ ಜನ ಬೆಂಚಿನಿಂದ ಬಂದವರು. ಯಾಕೆಂದರೆ ಮೊದಲ ಟೂರ್ನಮೆಂಟ್‌ನಲ್ಲಿ ಹದಿನೆಂಟೂ ಜನ ಆಡಲೇಬೇಕು ಅಂತ ಸರ್ ಹಟ ಹಿಡಿದಿದ್ದಾರೆ.

"ಗೆಲ್ಲೋಕೆ ತಾನೇ ಬಂದಿರೋದು, ಸರ್?" ಅಂತ ಒಬ್ಬ ಅಪ್ಪ ಪಾರ್ಕಿಂಗ್‌ನಲ್ಲೇ ಹಿಡಿದುಕೊಂಡರು. ಅವರ ಮಗ ಒಳ್ಳೆ ಆಟಗಾರ, ಒಂದು ಕ್ವಾರ್ಟರ್ ಹೊರಗೆ ಕೂತಿದ್ದ. ಅವರ ಸಂಕಟ ಅರ್ಥವಾಗುತ್ತದೆ. ಮುಂದೆ ಸ್ಪೋರ್ಟ್ಸ್ ಕೋಟಾದಲ್ಲಿ ಕಾಲೇಜು ಸೀಟು ಸಿಗಬೇಕಾದರೆ ಸರ್ಟಿಫಿಕೇಟ್ ಬೇಕು, ಅಲ್ವಾ? ಆದರೂ ನಾನು ಸರ್ ಪರ. ಮೊದಲ ತಿಂಗಳಲ್ಲೇ ಅದೇ ಹನ್ನೊಂದು ಜನರನ್ನು ಓಡಿಸಿ ಓಡಿಸಿ ಸುಸ್ತು ಮಾಡಿದರೆ ನವೆಂಬರ್‌ನಲ್ಲಿ ಆಡೋರು ಯಾರು?

ಶನಿವಾರ ಮುಂದಿನ ಮ್ಯಾಚ್. ಎರಡನೇ ಕೀಪರ್ ಆಡುತ್ತಾನಂತೆ, ಪ್ಯಾಡನ್ನು ಇನ್ನೊಂದು ಕ್ಲಬ್ಬಿನಿಂದ ಕೇಳಿದ್ದಾರೆ. "ಇವನನ್ನು ಯಾಕೆ?" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಮೆಸೇಜ್ ಬಂದಿದೆ. ಸರ್ ಅದಕ್ಕೆ ಉತ್ತರ ಕೊಟ್ಟಿಲ್ಲ. ರಿಪೋರ್ಟಿಂಗ್ ಟೈಮ್ ಮಾತ್ರ ಹಾಕಿದ್ದಾರೆ, ಬೆಳಿಗ್ಗೆ 6.30.