ಕೋವಿ ಇಳಿಸಿದ ಮೇಲಿನ ಲೆಕ್ಕ

ಅಧ್ಯಕ್ಷರೇ, ವಕೀಲ ಮಿತ್ರರೇ, ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆಯಿಂದ ಬಸ್ಸು ಹಿಡಿದು ಬಂದಿರುವ ಹಿರಿಯರೇ,

2025ರ ಜನವರಿ 8ರಂದು ಮುಖ್ಯಮಂತ್ರಿಗಳ ಗೃಹ ಕಚೇರಿಯಲ್ಲಿ ನಡೆದದ್ದನ್ನು ಚಿಕ್ಕಮಗಳೂರಿನವರಿಗೆ ನಾನು ವಿವರಿಸಬೇಕಾಗಿಲ್ಲ. ಇಲ್ಲೇ ಆಗಬೇಕಿದ್ದ ಶರಣಾಗತಿ ಕಾರ್ಯಕ್ರಮ ಕೊನೆ ಗಳಿಗೆಯಲ್ಲಿ ಬೆಂಗಳೂರಿಗೆ ಹೋಯಿತು. ಆರು ಮಂದಿ ನಕ್ಸಲರು ತಮ್ಮ ಸಮವಸ್ತ್ರ ಒಪ್ಪಿಸಿದರು, ಬೇಡಿಕೆಗಳ ಪತ್ರ ಕೊಟ್ಟರು. ಮುಖ್ಯಮಂತ್ರಿಗಳು ಅವರ ಕೈಗೆ ಗುಲಾಬಿ ಹೂವನ್ನೂ ಸಂವಿಧಾನದ ಪ್ರತಿಯನ್ನೂ ಇಟ್ಟರು. ನನಗೆ ಅವತ್ತು ನಿಜವಾಗಿ ಸಂತೋಷವಾಯಿತು. ಹಿಂದಿನ ನವೆಂಬರಿನಲ್ಲಷ್ಟೇ ಹೆಬ್ರಿ ಹತ್ತಿರದ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತಿದ್ದರು. ಇನ್ನಾರು ಹೆಣ ಬೀಳುವುದು ತಪ್ಪಿತಲ್ಲ ಅನ್ನಿಸಿತು.

ಆದರೆ ಅವತ್ತು ಕೋವಿ ಬಂದಿರಲಿಲ್ಲ. ಆಮೇಲೆ ಕೆಲವೇ ದಿನಗಳಲ್ಲಿ ನಮ್ಮ ಜಯಪುರದ ಕಡೆಯ ಕಾಡಿನಲ್ಲಿ ಸಿಕ್ಕವು ಎಂದು ಪೊಲೀಸರು ಹೇಳಿದರು. ಒಂದು ಎಕೆ-56, ಮೂರು .303 ರೈಫಲ್, 12 ಬೋರಿನ ಒಂಟಿ ನಳಿಗೆಯ ಒಂದು ಬಂದೂಕು, ಒಂದು ನಾಡ ಪಿಸ್ತೂಲು, ಜೊತೆಗೆ ತೋಟಾಗಳು. ಸಿಕ್ಕಿದ್ದು ಒಳ್ಳೆಯದೇ. ಅಲ್ಲಿಟ್ಟವರು ಯಾರು, ಪೊಲೀಸರಿಗೆ ಗೊತ್ತಾದದ್ದು ಹೇಗೆ, ಮಹಜರಿಗೆ ಯಾರು ಸಾಕ್ಷಿ, ಆ ಆರು ಮಂದಿಗೂ ಆ ಆಯುಧಗಳಿಗೂ ಸಂಬಂಧ ಇದೆಯೆಂದು ಸರ್ಕಾರ ಬರೆದುಕೊಂಡಿದೆಯೇ, ಇದನ್ನೆಲ್ಲ ಸದನದ ಮುಂದೆ ಇಟ್ಟು ಹೇಳಬೇಕಾದವರು ಯಾರು?

ನಾವು ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್‌ಗೆ ಅಡಿಕೆ ಮೂಟೆ ಹಾಕಿದರೆ ತೂಕದ ಚೀಟಿ ಕೊಡುತ್ತಾರೆ. ಮೂಟೆ ಎಷ್ಟು, ಯಾವ ದರ್ಜೆ, ಯಾರ ಹೆಸರು, ಎಲ್ಲ ಅದರಲ್ಲಿರುತ್ತದೆ. ಮನುಷ್ಯರು ಮತ್ತು ಕೋವಿಗಳು ಸರ್ಕಾರದ ಕೈಗೆ ಬಂದಾಗ ಆ ಚೀಟಿ ಎಲ್ಲಿ? ಇವತ್ತು ನಾನು ಮತ್ತೆ ಮತ್ತೆ ಕೇಳುವುದು ಇದೊಂದನ್ನೇ.

ಕೋವಿಯ ಲೆಕ್ಕ ಯಾಕೆ ಬೇಕು ಎಂದು ಕೆಲವರು ಕೇಳುತ್ತಾರೆ. 2005ರ ಫೆಬ್ರುವರಿಯಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ಶಿಬಿರದ ಮೇಲೆ ನಕ್ಸಲರ ದಾಳಿಯಾಯಿತು, ನಿದ್ದೆಯಲ್ಲಿದ್ದ ಪೊಲೀಸರು ಸತ್ತರು. ಅಂಥ ಪೊಲೀಸರ ಮನೆಯವರಿಗೆ ಒಂದೊಂದು ರೈಫಲ್ಲಿನ ನಂಬರ್ ಏನು, ಅದು ಯಾರ ಕೈಯಿಂದ ಯಾರ ಕೈಗೆ ಹೋಗಿತ್ತು ಎಂದು ತಿಳಿಯುವ ಹಕ್ಕಿದೆ. ಶರಣಾದವರಿಗೂ ಆ ಲೆಕ್ಕ ಬೇಕು. ಲೆಕ್ಕ ಖಚಿತವಾಗಿದ್ದರೆ ಇನ್ನು ಹತ್ತು ವರ್ಷದ ನಂತರ ಯಾವುದೋ ಕಾಡಿನಲ್ಲಿ ಸಿಕ್ಕ ತೋಟಾವನ್ನು ಅವರ ತಲೆಗೆ ಕಟ್ಟಲಾಗದು.

ಈಗ ನಿಮ್ಮನ್ನು ಸ್ವಲ್ಪ ಮಧ್ಯಪ್ರದೇಶದ ಚಂಬಲ್‌ಗೆ ಕರೆದುಕೊಂಡು ಹೋಗುತ್ತೇನೆ. ಈ ಕಥೆ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಅದರಲ್ಲಿ ನಮ್ಮ ಬೆಂಗಳೂರಿನ ಒಬ್ಬರಿದ್ದಾರೆ. ಎಸ್.ಎನ್. ಸುಬ್ಬರಾವ್, ಹುಟ್ಟಿದ್ದು 1929ರಲ್ಲಿ. 1942ರ ಚಳವಳಿಯಲ್ಲಿ ಹದಿಮೂರರ ಹುಡುಗನಾಗಿದ್ದಾಗಲೇ ಪೊಲೀಸರ ಕೈಗೆ ಸಿಕ್ಕವರು. ಆಮೇಲೆ ನಮ್ಮ ಹುಬ್ಬಳ್ಳಿಯ ನಾ.ಸು. ಹರ್ಡೀಕರರ ಕರೆಗೆ ಸೇವಾದಳ ಸೇರಿದರು. ಮೊರೇನಾ ಜಿಲ್ಲೆಯ ಜೌರಾದಲ್ಲಿ ಗಾಂಧಿ ಸೇವಾಶ್ರಮ ಕಟ್ಟಿ, ಆ ಕಂದರಗಳ ಸೀಮೆಯಲ್ಲಿ ಯುವಕರನ್ನು ಸೇರಿಸಿ ಶಿಬಿರ ಮಾಡಿ, ರಸ್ತೆ ಹಾಕಿಸಿ, ಹಾಡು ಹಾಡಿಸಿದರು. ಉತ್ತರದ ಹುಡುಗರಿಗೆ ಅವರು ‘ಭಾಯೀಜಿ’.

1971ರಲ್ಲಿ ಪಟ್ನಾದ ಜಯಪ್ರಕಾಶ ನಾರಾಯಣರ ಮನೆಗೆ ಒಬ್ಬ ಕಂಟ್ರಾಕ್ಟರ್ ಬಂದ. ಹೆಸರು ರಾಮ್ ಸಿಂಗ್ ಎಂದ. ಚಂಬಲ್ಲಿನ ಡಕಾಯಿತರು ಆಯುಧ ಕೆಳಗಿಡಲು ಸಿದ್ಧರಿದ್ದಾರೆ, ನೀವು ಮಧ್ಯೆ ನಿಲ್ಲಬೇಕು ಎಂದ. ಜೆಪಿ ಮೊದಲು ಒಪ್ಪಲಿಲ್ಲ. ನನಗೆ ಆರೋಗ್ಯವಿಲ್ಲ, ಇದು ವಿನೋಬಾ ಅವರು ಮಾಡುವ ಕೆಲಸ ಎಂದರು. 1960ರಲ್ಲಿ ಭಿಂಡ್-ಮೊರೇನಾದ ಇಪ್ಪತ್ತು ಡಕಾಯಿತರು ಕೋವಿ ಇಟ್ಟದ್ದು ವಿನೋಬಾ ಮುಂದೆಯೇ. ಕಂಟ್ರಾಕ್ಟರ್ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ, ರಾಮ್ ಸಿಂಗ್ ಅಲ್ಲ, ನಾನೇ ಮಾಧೋ ಸಿಂಗ್ ಎಂದುಬಿಟ್ಟ! ತಲೆಗೆ ದೊಡ್ಡ ಬಹುಮಾನವಿದ್ದ, ಅರ್ಧ ದೇಶದ ಪೊಲೀಸರು ಹುಡುಕುತ್ತಿದ್ದ ಮನುಷ್ಯ ಜೆಪಿಯವರ ಎದುರಿಗೇ ಕೂತಿದ್ದ. ಜೆಪಿ ಪೊಲೀಸರನ್ನು ಕರೆಯಲಿಲ್ಲ, ಕೆಲಸಕ್ಕೆ ಕೈಹಾಕಿದರು. 1972ರ ಏಪ್ರಿಲ್‌ನಲ್ಲಿ ಸುಬ್ಬರಾಯರ ಅದೇ ಜೌರಾ ಆಶ್ರಮದಲ್ಲಿ ಗಾಂಧಿಯ ಚಿತ್ರದ ಮುಂದೆ ಮೋಹರ್ ಸಿಂಗ್, ಮಾಧೋ ಸಿಂಗ್ ಮತ್ತು ಅವರ ಹಿಂದೆ ನೂರಾರು ಜನ ಬಂದು ಕೋವಿ ಇಟ್ಟರು.

ಇಷ್ಟರವರೆಗೆ ಎಲ್ಲರಿಗೂ ಗೊತ್ತು. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಅದರ ಮುಂದಿನ ಭಾಗದಲ್ಲಿ. ಅವರಿಗೆ ಕ್ಷಮಾದಾನ ಸಿಗಲಿಲ್ಲ, ಕೇಸು ನಡೆದವು, ಶಿಕ್ಷೆಯೂ ಆಯಿತು. ಆದರೆ ಗಲ್ಲಿಗೆ ಹಾಕುವುದಿಲ್ಲ ಎಂಬ ಮಾತು ಮೊದಲೇ ಆಗಿತ್ತು, ಅದು ಉಳಿಯಿತು. ಮುಂಗಾವಲಿಯಲ್ಲಿ ಅವರಿಗಾಗಿಯೇ ಬಯಲು ಬಂದೀಖಾನೆ ತೆರೆದರು. ಗೋಡೆಯಿಲ್ಲದ ಜಾಗದಲ್ಲಿ ಹೊಲ ಮಾಡಿಕೊಂಡು ಶಿಕ್ಷೆ ಮುಗಿಸಿದವರಿದ್ದಾರೆ. ಮಾತು ಕೊಟ್ಟವರ ಹೆಸರು ಊರಿಗೇ ಗೊತ್ತಿತ್ತು. ಮಾತು ತಪ್ಪಿದರೆ ಹೋಗಿ ಕೇಳಲು ಜೆಪಿ ಇದ್ದರು, ಜೌರಾದಲ್ಲಿ ಸುಬ್ಬರಾಯರಿದ್ದರು.

ಅದೇ ಮಧ್ಯಪ್ರದೇಶ, ಹನ್ನೊಂದು ವರ್ಷದ ನಂತರ. 1983ರ ಫೆಬ್ರುವರಿಯಲ್ಲಿ ಭಿಂಡ್‌ನಲ್ಲಿ ಮುಖ್ಯಮಂತ್ರಿ ಅರ್ಜುನ್ ಸಿಂಗ್ ಮುಂದೆ ಡಕಾಯಿತರ ನಾಯಕಿ ಫೂಲನ್ ದೇವಿ ಕೋವಿ ಇಟ್ಟರು. ಗಲ್ಲು ಇಲ್ಲ, ಎಂಟು ವರ್ಷಕ್ಕಿಂತ ಹೆಚ್ಚು ಜೈಲಿಲ್ಲ ಎಂಬ ಷರತ್ತಿತ್ತು. ಅವರು ಒಳಗಿದ್ದದ್ದು ಹನ್ನೊಂದು ವರ್ಷ, ಅದೂ ವಿಚಾರಣೆ ಮುಗಿಯದೆ. ಬಿಡುಗಡೆಯಾದದ್ದು 1994ರಲ್ಲಿ. ಇದರಿಂದ ನಷ್ಟವಾದದ್ದು ಫೂಲನ್‌ಗೆ ಮಾತ್ರ ಎಂದು ತಿಳಿಯಬೇಡಿ. 1981ರಲ್ಲಿ ಉತ್ತರ ಪ್ರದೇಶದ ಬೆಹಮಾಯಿಯಲ್ಲಿ ಫೂಲನ್ ತಂಡ ಸಾಲಾಗಿ ನಿಲ್ಲಿಸಿ ಗುಂಡಿಟ್ಟ ಇಪ್ಪತ್ತು ಜನರ ಮನೆಯವರಿಗೆ ತೀರ್ಪು ಸಿಕ್ಕಿದ್ದು 2024ರಲ್ಲಿ! ನಲವತ್ತಮೂರು ವರ್ಷ. ಅಷ್ಟು ಹೊತ್ತಿಗೆ ಆರೋಪಿಗಳಲ್ಲಿ ಬಹುಪಾಲು ಜನ ಬದುಕಿರಲಿಲ್ಲ, ಶಿಕ್ಷೆಯಾದದ್ದು ಒಬ್ಬನಿಗೆ. ತೂಕದ ಚೀಟಿ ಇಲ್ಲದ ವ್ಯವಹಾರದಲ್ಲಿ ಕೊಟ್ಟವರಿಗೂ ಇಲ್ಲ, ತೆಗೆದುಕೊಳ್ಳಬೇಕಾದವರಿಗೂ ಇಲ್ಲ.

ಈಗ ಪರಪ್ಪನ ಅಗ್ರಹಾರಕ್ಕೆ ಬನ್ನಿ. ಗುಲಾಬಿ ಹಿಡಿದ ಆರು ಮಂದಿಯನ್ನು ಕೋರ್ಟಿಗೆ ಹಾಜರುಪಡಿಸಿ ಅಲ್ಲಿಗೇ ಕಳಿಸಿದರು. ಕಾನೂನಿನಂತೆ ಅದು ಸರಿ. ಮುಂದೆ? 2022ರ ಕೊನೆಗೆ ಈ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು, ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಎನ್‌ಸಿಆರ್‌ಬಿ, ಕೊಟ್ಟ ಅಂಕಿ. ನೂರು ಜನರ ಜಾಗದಲ್ಲಿ ನೂರ ಮೂವತ್ತೊಂದು ಜನ. ರಾತ್ರಿ ಮಗ್ಗುಲು ಬದಲಿಸಬೇಕಾದರೆ ಪಕ್ಕದವನೂ ಬದಲಿಸಬೇಕು. ಶೌಚಾಲಯದ ಸಾಲು, ಎಸ್ಕಾರ್ಟ್ ಪೊಲೀಸರು ಸಿಗಲಿಲ್ಲವೆಂದು ತಪ್ಪುವ ವಾಯಿದೆ, ಡಾಕ್ಟರಿಗಾಗಿ ಕಾಯುವುದು, ವಕೀಲ ಮಿತ್ರರಿಗೆ ಇದು ನಿತ್ಯದ ಅನುಭವ.

2024ರ ಆಗಸ್ಟ್‌ನಲ್ಲಿ ಅದೇ ಜೈಲಿನಲ್ಲಿ ನಟರೊಬ್ಬರು ಕುರ್ಚಿ ಹಾಕಿಕೊಂಡು ಸಿಗರೇಟು ಸೇದುತ್ತಿರುವ ಫೋಟೊ ಹೊರಬಂತು. ಸರ್ಕಾರ ಎಷ್ಟು ಚುರುಕಾಯಿತು ನೋಡಿ! ಅಧಿಕಾರಿಗಳು ಅಮಾನತಾದರು, ಆ ಕೈದಿಯನ್ನು ಬಳ್ಳಾರಿಗೆ ಕಳಿಸಿದರು. ಅದು ಆಗಬೇಕಾದದ್ದೇ. ಆದರೆ ಮೂವತ್ತೊಂದು ಜನ ಹೆಚ್ಚಿರುವ ಬ್ಯಾರಕ್ಕಿನ ಫೋಟೊ ಯಾರೂ ತೆಗೆಯುವುದಿಲ್ಲ, ಅದಕ್ಕಾಗಿ ಯಾರೂ ಅಮಾನತಾಗುವುದಿಲ್ಲ.

ಸ್ಟ್ಯಾನ್ ಸ್ವಾಮಿಯವರನ್ನು ಇಲ್ಲಿ ನೆನೆಯಲೇಬೇಕು. ಬೆಂಗಳೂರಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ ಪಾದ್ರಿ, ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಮುಂಬೈ ಬಳಿಯ ಜೈಲಿಗೆ ಹೋದವರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಆ ಹಿರಿಯರು ನೀರು ಕುಡಿಯಲು ಸ್ಟ್ರಾ, ಸಿಪ್ಪರ್ ಬೇಕು ಎಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಅದಕ್ಕೆ ಉತ್ತರ ಕೊಡಲು ತನಿಖಾ ಸಂಸ್ಥೆ ಇಪ್ಪತ್ತು ದಿನ ಸಮಯ ಕೇಳಿತು. 2021ರ ಜುಲೈ 5ರಂದು ಅವರು ತೀರಿಕೊಂಡಾಗಲೂ ವಿಚಾರಣಾಧೀನ ಕೈದಿಯೇ. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು, ಈಗಿನ ಫ್ರೀಡಂ ಪಾರ್ಕ್, ನಟಿ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ ಆಸ್ತಮಾದೊಂದಿಗೆ ತಿಂಗಳುಗಟ್ಟಲೆ ಇಟ್ಟುಕೊಂಡಿತ್ತು. ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಹಿಡಿದರು, ಆದರೆ ಕೊನೆಯ ದೋಷಾರೋಪ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ ಅವರು ಹೋದರು. ಇಲ್ಲೂ ನನ್ನ ಪ್ರಶ್ನೆ ಅದೇ. ಒಳಗೆ ಹೋದಾಗ ಆರೋಗ್ಯ ಹೇಗಿತ್ತು, ಹೊರಗೆ ಬಂದಾಗ ಹೇಗಿತ್ತು, ಚೀಟಿ ಎಲ್ಲಿ?

ಚೀಟಿ ಬಂದಿದೆ. (ಇದು ಬೇರೆ ಚೀಟಿ, ಅಧ್ಯಕ್ಷರು ಹತ್ತು ನಿಮಿಷ ಎಂದು ಬರೆದು ಕಳಿಸಿದ್ದಾರೆ.) ಮಣಿಪುರದ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಎರಡೇ ಮಾತು ಹೇಳುತ್ತೇನೆ. 2025ರ ಫೆಬ್ರುವರಿ 20ರಂದು ಅಲ್ಲಿನ ರಾಜ್ಯಪಾಲರು ಜನಾಂಗೀಯ ಹಿಂಸೆಯಲ್ಲಿ ಪೊಲೀಸ್ ಶಸ್ತ್ರಾಗಾರಗಳಿಂದ ಲೂಟಿಯಾದ ಆಯುಧ ಏಳು ದಿನದೊಳಗೆ ತಂದುಕೊಡಿ, ಶಿಕ್ಷೆಯಿಲ್ಲ ಎಂದರು. ಗಡುವು ಮಾರ್ಚ್ 6ರವರೆಗೆ ಬೆಳೆಯಿತು. ಲೂಟಿಯಾದದ್ದು ಸುಮಾರು ಆರು ಸಾವಿರ, ಆ ಅವಧಿಯಲ್ಲಿ ಬಂದದ್ದು ಸುಮಾರು ಸಾವಿರ. ತಂದುಕೊಟ್ಟವನಿಗೆ ಶಿಕ್ಷೆಯಿಲ್ಲ ಎನ್ನುವುದನ್ನು ನಾನು ಒಪ್ಪುತ್ತೇನೆ, ಶಾಂತಿಗೆ ಅದು ಬೇಕು. ಶಸ್ತ್ರಾಗಾರದ ಬಾಗಿಲು ಕಾಯಬೇಕಿದ್ದ ಅಧಿಕಾರಿಗಳಿಗೂ ಆ ಕ್ಷಮೆ ಅನ್ವಯಿಸುವುದನ್ನು ನಾನು ಒಪ್ಪುವುದಿಲ್ಲ.

ಕಾನೂನಿನ ಮಾತು. 2024ರ ಜುಲೈ 1ರಿಂದ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡುಗಡೆಗೆ ಅರ್ಹರು. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೆ ಆ ದಾರಿ ಮುಚ್ಚುತ್ತದೆ. ಶರಣಾದವರ ಮೇಲೆ ಒಂದೇ ಕೇಸು ಇರುವುದುಂಟೇ? ಮೇಲೆ ಯುಎಪಿಎ, ಜಾಮೀನು ಸಿಗುವುದೇ ಕಷ್ಟವಾದ ಭಯೋತ್ಪಾದನೆ ತಡೆ ಕಾನೂನು ಬೇರೆ. ಆದ್ದರಿಂದಲೇ ಎಲ್ಲ ಕೇಸುಗಳನ್ನೂ ಒಂದು ಕಡೆ ಸೇರಿಸಿ ಬೇಗ ನಡೆಸಬೇಕು ಎಂಬುದು ಶರಣಾಗತಿಯ ಹೃದಯಭಾಗ. ದೀರ್ಘ ಬಂಧನವಾದರೆ ಯುಎಪಿಎಯಲ್ಲೂ ಜಾಮೀನು ಕೊಡಬಹುದು ಎಂದು 2021ರಲ್ಲಿ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಜೈಲಿನೊಳಗಿನ ಜಾತಿ ತಾರತಮ್ಯದ ಬಗ್ಗೆ 2024ರ ಅಕ್ಟೋಬರ್ 3ರ ತೀರ್ಪನ್ನು ಪ್ರಸ್ತಾಪಿಸಬೇಕಿತ್ತು. ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿ.

ಗೌರಿ ಲಂಕೇಶ್, ಎಚ್.ಎಸ್. ದೊರೆಸ್ವಾಮಿಯವರು, ಎ.ಕೆ. ಸುಬ್ಬಯ್ಯನವರು, ಕಾಡಿನಲ್ಲಿದ್ದವರನ್ನು ಹೊರಗೆ ಕರೆತರಲು ಓಡಾಡಿದ ಈ ಮೂವರೂ ಈಗಿಲ್ಲ. ಸರ್ಕಾರದ ಬಳಿ ಹೋಗಿ ಕೊಟ್ಟ ಮಾತು ಏನಾಯಿತು ಎಂದು ಕೇಳುವ ಕೆಲಸ ನಮಗೆ ಬಂದಿದೆ. ಹೊರಗಿನ ಮೇಜಿನ ಮೇಲೆ ಮಾಹಿತಿ ಹಕ್ಕು ಅರ್ಜಿಯ ಕರಡು ಇಟ್ಟಿದ್ದೇವೆ. ಶರಣಾಗತಿಯ ಷರತ್ತುಗಳ ಪ್ರತಿ, ಜಯಪುರದ ಆಯುಧಗಳ ಮಹಜರು, ಪುನರ್ವಸತಿ ಹಣ ಪಾವತಿಯ ವಿವರ, ಜಿಲ್ಲಾ ನ್ಯಾಯಾಧೀಶರೂ ಸಂದರ್ಶಕರೂ ಜೈಲಿಗೆ ಹೋಗಿ ಬರೆದ ವರದಿಗಳು, ಇವಿಷ್ಟನ್ನು ಕೇಳಿದ್ದೇವೆ. ತನಿಖೆಯ ನೆಪ ಹೇಳಿ ಕೆಲವನ್ನು ನಿರಾಕರಿಸಬಹುದು, ಮೇಲ್ಮನವಿ ಹಾಕೋಣ. ವಕೀಲ ಮಿತ್ರರು ಭಾಷೆ ತಿದ್ದಿಕೊಡಿ. ಕೊಪ್ಪದ ಬಸ್ಸು ಹಿಡಿಯಬೇಕಾದವರು ಮೊದಲು ಹೋಗಿ ಸಹಿ ಹಾಕಿಬಿಡಿ.