ತೂಕ ನೋಡಿ ಹಾರುವ ಕಥೆಗಳು

ಕೇಳುಗರಿಗೆ ನಮಸ್ಕಾರ.

ಸ್ಟೀಮ್‌ಪಂಕ್ ಕಾದಂಬರಿ ಅಂದರೆ, ಉಗಿಯಂತ್ರದ ಕಾಲ ಮುಗಿಯದೆ ಹಾಗೇ ಮುಂದುವರಿದಿದ್ದರೆ ಲೋಕ ಹೇಗಿರುತ್ತಿತ್ತು ಎಂಬ ಕಲ್ಪನೆ. ಹಿತ್ತಾಳೆ ಚಕ್ರ, ಕಲ್ಲಿದ್ದಲ ಹೊಗೆ, ಜೊತೆಗೆ ಒಂದಿಷ್ಟು ಮಾಟಮಂತ್ರ. ಈ ಹೆಸರು ಬಂದಿದ್ದು 1987ರಲ್ಲಿ, ಅಮೆರಿಕದ ಲೇಖಕ ಕೆ. ಡಬ್ಲ್ಯು. ಜೀಟರ್ ಪತ್ರಿಕೆಯೊಂದಕ್ಕೆ ಬರೆದ ಕಾಗದದಿಂದ. ಇಂಥ ಪುಸ್ತಕದ ಮುಖಪುಟದಲ್ಲಿ ಹೆಚ್ಚುಕಮ್ಮಿ ಒಂದು ವಾಯುನೌಕೆ, ಅಂದರೆ ಹಗುರ ಅನಿಲ ತುಂಬಿದ ಭಾರಿ ಚೀಲದ ಬಲದಿಂದ ತೇಲುತ್ತಾ ಎಂಜಿನ್ನಿನಿಂದ ಸಾಗುವ ನೌಕೆ, ಇದ್ದೇ ಇರುತ್ತದೆ. ವಿಮಾನ ಯಾಕಿರಲ್ಲ?

ಉಗಿಯಿಂದ ಓಡುವ ವಾಯುನೌಕೆ ಬರೀ ಕಲ್ಪನೆಯಲ್ಲ. 1852ರಲ್ಲಿ ಪ್ಯಾರಿಸ್‌ನಿಂದ ಹೊರಟ ಫ್ರೆಂಚ್ ಎಂಜಿನಿಯರ್ ಆನ್ರಿ ಜಿಫಾರ್ ಅಂಥದ್ದರಲ್ಲಿ ಸುಮಾರು 27 ಕಿಲೋಮೀಟರ್ ಹಾರಿದ. ಎಂಜಿನ್ನಿನ ಶಕ್ತಿ ಮೂರೇ ಮೂರು ಕುದುರೆಯದು. ತಲೆಯ ಮೇಲೆ ಹೊತ್ತಿಕೊಳ್ಳುವ ಅನಿಲ ತುಂಬಿದ ಚೀಲ, ಕಾಲ ಬಳಿ ಉರಿಯುವ ಒಲೆ! ಕಿಡಿ ಮೇಲೆ ಹಾರಬಾರದೆಂದು ಅವನು ಹೊಗೆ ಕೊಳವೆಯನ್ನು ಕೆಳಮುಖವಾಗಿ ತಿರುಗಿಸಿದ್ದ. ಇಷ್ಟು ಹುಚ್ಚು ಧೈರ್ಯವನ್ನು ಯಾವ ಕಾದಂಬರಿಕಾರ ಕಟ್ಟಿಯಾನು ಹೇಳಿ.

ವಿಮಾನದಲ್ಲಿ ಬೆಲ್ಟು ಕಟ್ಟಿ ಕೂತರೆ ಮುಗಿಯಿತು, ಇಳಿಯುವವರೆಗೆ ಪಾತ್ರಗಳಿಗೆ ಕೆಲಸವೇ ಇಲ್ಲ. ವಾಯುನೌಕೆಯಲ್ಲಿ ದಿನಗಟ್ಟಲೆ ಬದುಕಬೇಕು. ಅಡುಗೆ, ನಿದ್ದೆ, ಜಗಳ, ಪಿತೂರಿ ಎಲ್ಲಕ್ಕೂ ಸಮಯ ಸಿಗುತ್ತದೆ. ಆದರೆ ನನ್ನ ಮಟ್ಟಿಗೆ ಅದರ ನಿಜವಾದ ಸೊಗಸು ತೂಕದ ಲೆಕ್ಕದಲ್ಲಿದೆ. ಮೇಲೇರಬೇಕಾ, ತುಂಬಿಟ್ಟ ನೀರು ಚೆಲ್ಲಬೇಕು. ಇಳಿಯಬೇಕಾ, ಅನಿಲ ಬಿಡಬೇಕು. ಎರಡೂ ಹೋದರೆ ಹೋಯಿತು, ವಾಪಸ್ ಬರಲ್ಲ. ಇಂಧನ ಉರಿದಷ್ಟೂ ನೌಕೆ ಹಗುರಾಗುತ್ತದೆ, ಮಳೆ ಬಿದ್ದರೆ ಭಾರವಾಗುತ್ತದೆ. ಹೀಗಿರುವಾಗ ಯಾರಿಗೂ ಗೊತ್ತಾಗದಂತೆ ಹತ್ತಿ ಅಡಗಿ ಕೂತ ಹುಡುಗನೊಬ್ಬ ಕಥೆಯಲ್ಲಿ ಬಂದರೆ, ಅವನು ಬರೀ ತುಂಟನಲ್ಲ, ಲೆಕ್ಕ ತಪ್ಪಿಸುವ ನಲವತ್ತು ಕಿಲೋ.

ಗ್ರಾಫ್ ಜೆಪ್ಪೆಲಿನ್ ಎಂಬ ಜರ್ಮನ್ ನೌಕೆ 1928ರ ಅಕ್ಟೋಬರ್‌ನಲ್ಲಿ ಮೊದಲ ಬಾರಿ ಅಟ್ಲಾಂಟಿಕ್ ದಾಟಿತಲ್ಲ, ಆಗ ನಡೆದದ್ದು ಕೇಳಿ. ಬಿರುಗಾಳಿಗೆ ಬಾಲದ ರೆಕ್ಕೆಗೆ ಹೊದಿಸಿದ್ದ ಬಟ್ಟೆ ಹರಿಯಿತು. ಕೆಳಗೆ ಸಮುದ್ರ. ರಿಪೇರಿಗೆ ಹೊರಟ ಕೆಲವರಲ್ಲಿ ಕ್ಯಾಪ್ಟನ್ ಹ್ಯೂಗೊ ಎಕನರ್‌ನ ಮಗ ಕ್ನೂಟ್ ಕೂಡ ಇದ್ದ. ಅವರು ಗಾಳಿಗೆ ಸಿಕ್ಕಿ ಹಾರಿಹೋಗದಂತೆ ಅಪ್ಪ ಎಂಜಿನ್ನಿನ ವೇಗ ತಗ್ಗಿಸಿದ. ಮಳೆಯಲ್ಲಿ ತೊಯ್ದು ಭಾರವಾದ ನೌಕೆ ಇಳಿಯತೊಡಗಿತು. ಎಂಜಿನ್ ಜೋರು ಮಾಡದಿದ್ದರೆ ಎಲ್ಲರೂ ನೀರಿಗೆ. ಮಾಡಿದರೆ ಬಾಲದಲ್ಲಿರುವವರ ಗತಿ? ಕೊನೆಗೆ ಹರಿದದ್ದನ್ನು ಹೇಗೋ ಬಿಗಿದು ಕಟ್ಟಿದರು. ಸುಮಾರು 111 ಗಂಟೆ ಹಾರಿ ನೌಕೆ ಅಮೆರಿಕ ತಲುಪಿತು. ರಾಕ್ಷಸನೂ ಬೇಡ, ಮಂತ್ರದಂಡವೂ ಬೇಡ, ಹರಿದ ಒಂದು ಬಟ್ಟೆ ಸಾಕು. ಯಂತ್ರ ಕೆಟ್ಟರೆ ಕೈಯಿಂದಲೇ ಸರಿಮಾಡಬೇಕು, ಹೇಗೆ ಅಂತ ಓದುವವರಿಗೂ ಅರ್ಥವಾಗುತ್ತದೆ. ಈಗಿನ ಫೋನು ಕೆಟ್ಟರೆ ನಾವು ಸುಮ್ನೆ ನೋಡುತ್ತಾ ಕೂರಬೇಕಷ್ಟೇ, ಅಲ್ವಾ?

ಹಾಗಂತ ಈ ಕಾದಂಬರಿಗಳೆಲ್ಲ ಚೆನ್ನಾಗಿವೆ ಅಂತಲ್ಲ. ಟೋಪಿಗೆ ಗಡಿಯಾರದ ಚಕ್ರ ಅಂಟಿಸಿದರೆ ಆಯಿತು ಅಂದುಕೊಂಡವರು ಜಾಸ್ತಿ. ದೊರೆಗಳ ಚಹಾಕೂಟ ಪುಟಗಟ್ಟಲೆ ಬರುತ್ತದೆ, ಕಲ್ಲಿದ್ದಲು ತುಂಬುವವನ ಹೆಸರೇ ಇರುವುದಿಲ್ಲ. ಆ ದೊರೆಗಳ ಬ್ರಿಟಿಷ್ ಸಾಮ್ರಾಜ್ಯದ ಕೆಳಗಿದ್ದವರು ನಾವು, ಇದು ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ.

1930ರಲ್ಲಿ ಆರ್101 ಎಂಬ ಬ್ರಿಟಿಷ್ ನೌಕೆ ಹೊರಟಿದ್ದು ಕರಾಚಿಗೆ. ಆಗ ಅದು ಬ್ರಿಟಿಷ್ ಇಂಡಿಯಾದ ಊರು. ನೌಕೆ ನಿಲ್ಲಿಸಲು ಅಲ್ಲಿ ಭಾರಿ ಶೆಡ್ಡು ಕಟ್ಟಿದ್ದರು. ವಾಯುಯಾನ ಸಚಿವ ಲಾರ್ಡ್ ಥಾಮ್ಸನ್ ಸಾಮಾನಿನ ಜೊತೆ ಒಂದು ಪರ್ಷಿಯನ್ ರತ್ನಗಂಬಳಿಯನ್ನೂ ಹೇರಿಸಿದ್ದ. ತೂಕದ ಮಾತಾಡಿದೆವಲ್ಲ! ಅಕ್ಟೋಬರ್ 5ರ ನಸುಕಿನಲ್ಲಿ ನೌಕೆ ಫ್ರಾನ್ಸಿನ ಬೋವೆ ಹತ್ತಿರ ಬಿದ್ದು ಉರಿಯಿತು. ಒಳಗಿದ್ದ 54 ಜನರಲ್ಲಿ 48 ಜನ ಸತ್ತರು, ಥಾಮ್ಸನ್ ಕೂಡ.

ಅದು ಕರಾಚಿ ಮುಟ್ಟಿದ್ದರೆ? ಅಂಥ ದೈತ್ಯವನ್ನು ನೆಲದ ಮೇಲೆ ಎಳೆದು ಶೆಡ್ಡಿಗೆ ಸೇರಿಸಲು ನೂರಾರು ಜನ ಹಗ್ಗ ಹಿಡಿಯಬೇಕಿತ್ತು. ಆ ಹಗ್ಗ ಹಿಡಿದವನೊಬ್ಬ ಒಳಗೆ ನುಗ್ಗಿ ಅಡಗಿ ಕೂತ ಅಂತ ಯಾರಾದರೂ ಕಾದಂಬರಿ ಶುರುಮಾಡಲಿ, ನಾನು ಸಾಲ ಮಾಡಿಯಾದರೂ ಕೊಂಡು ಓದುತ್ತೇನೆ.

ನಮಸ್ಕಾರ.