ರಕ್ತದ ಗದ್ದಲದಲ್ಲಿ ಒಂದು ಅಣುವಿನ ಹುಡುಕಾಟ

ಎಲ್ಲರಿಗೂ ನಮಸ್ಕಾರ.

ಒಂದು ಹನಿ ರಕ್ತ ಕೊಟ್ಟರೆ ಸಾಕು, ಕ್ಯಾನ್ಸರ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ ಎಂಬ ಧಾಟಿಯ ಸುದ್ದಿಯನ್ನು ನೀವೆಲ್ಲ ಆಗಾಗ ಓದಿರುತ್ತೀರಿ. ನೂರು ಕೋಟಿಯಲ್ಲೊಂದು ಪಾಲು ಎಂಬರ್ಥದ ‘ನ್ಯಾನೋ’ ಪದವೂ ಸೇರಿಬಿಟ್ಟರೆ ತಲೆಬರಹಕ್ಕೆ ಇನ್ನಷ್ಟು ಹೊಳಪು. ಇಂದು ಆ ಒಂದು ಹನಿಯೊಳಗೇ ಇಳಿದು ನೋಡೋಣ. ಅತಿ ಸೂಕ್ಷ್ಮ ಸಂವೇದಕಗಳನ್ನು ಕಟ್ಟುವ ವಿದ್ಯೆ ಬಹುಮಟ್ಟಿಗೆ ಕೈಗೆ ಬಂದಿದೆ. ರಕ್ತವನ್ನು ಪಳಗಿಸುವ ವಿದ್ಯೆ ಇನ್ನೂ ಪೂರ್ತಿ ಬಂದಿಲ್ಲ. ನನ್ನ ಮಾತೆಲ್ಲ ಇದರ ಸುತ್ತಲೇ.

ಪುರುಷರ ಪ್ರಾಸ್ಟೇಟ್ ಗ್ರಂಥಿಯ ರೋಗದ ಸುಳಿವು ಕೊಡುವ ಸೂಚಕವಾದ ಪಿಎಸ್‌ಎ ಎಂಬ ಪ್ರೋಟೀನನ್ನು ತೆಗೆದುಕೊಳ್ಳಿ. ಒಂದು ಮಿಲಿಲೀಟರ್ ರಕ್ತದಲ್ಲಿ ಅದು 4 ನ್ಯಾನೋಗ್ರಾಂ ದಾಟಿದರೆ ಇನ್ನಷ್ಟು ತಪಾಸಣೆ ಬೇಕು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಗೆರೆ. ಅದೇ ಮಿಲಿಲೀಟರಿನಲ್ಲಿ ಆಲ್ಬುಮಿನ್ ಎಂಬ ಒಂದೇ ಪ್ರೋಟೀನ್ ಸುಮಾರು 40 ಮಿಲಿಗ್ರಾಂ ಇರುತ್ತದೆ. ತೂಕದ ಲೆಕ್ಕದಲ್ಲಿ ಒಂದು ಕೋಟಿ ಪಟ್ಟು! ಈ ಸಂತೆಯೊಳಗೆ ನಮಗೆ ಬೇಕಾದದ್ದನ್ನು ಮಾತ್ರ ಗುರುತಿಸುವ ಕೆಲಸ ಪ್ರತಿಕಾಯದ್ದು, ಅಂದರೆ ತನಗೆ ಹೊಂದುವ ಅಣುವಿಗೆ ಮಾತ್ರ ಅಂಟಿಕೊಳ್ಳುವ ಪ್ರೋಟೀನಿನದ್ದು. 1971ರಲ್ಲಿ ಬಂದ ಎಲೈಸಾ ವಿಧಾನ ಇದನ್ನು ಇಂದಿಗೂ ಚೆನ್ನಾಗಿಯೇ ಮಾಡುತ್ತಿದೆ. ಹಾಗಾದರೆ ನ್ಯಾನೋ ಏಕೆ?

ಗಾತ್ರ ಹೊಂದುತ್ತದೆ ಎಂಬ ಕಾರಣಕ್ಕೆ. ಪ್ರತಿಕಾಯವೊಂದರ ಅಳತೆ ಸುಮಾರು 10 ನ್ಯಾನೋಮೀಟರ್. ದಪ್ಪ ತಂತಿಯ ಮೈಮೇಲೆ ಒಂದು ಪ್ರೋಟೀನ್ ಬಂದು ಕೂತರೆ ಒಳಗೆ ಹರಿಯುವ ವಿದ್ಯುತ್ತಿಗೆ ಅದರ ಸುಳಿವೇ ಸಿಗುವುದಿಲ್ಲ. ತಂತಿ ಇಪ್ಪತ್ತು ನ್ಯಾನೋಮೀಟರ್ ದಪ್ಪದ ಸಿಲಿಕಾನ್ ಆಗಿದ್ದರೆ, ಆ ಪ್ರೋಟೀನಿನ ವಿದ್ಯುದಾವೇಶವೇ ಅದರ ವಾಹಕತೆಯನ್ನು ಅಲುಗಿಸಬಲ್ಲದು. ಚಿನ್ನದ ಕಣಗಳ ಆಟ ಬೇರೆ. ಬಿಡಿಬಿಡಿಯಾಗಿ ನೀರಿನಲ್ಲಿ ತೇಲುವಾಗ ಅವು ಹಳದಿಯಾಗಿ ಕಾಣುವುದಿಲ್ಲ, ಮಾಣಿಕ್ಯದಂತೆ ಕೆಂಪಗಿರುತ್ತವೆ. ಒಂದಕ್ಕೊಂದು ಅಂಟಿಕೊಂಡರೆ ದ್ರಾವಣ ನೇರಳೆಗೆ, ನೀಲಿಗೆ ತಿರುಗುತ್ತದೆ. ಈ ಕೆಂಪನ್ನು ಫ್ಯಾರಡೆ 1857ರಲ್ಲೇ ವರ್ಣಿಸಿದ್ದರು. ಗರ್ಭಧಾರಣೆ ಪರೀಕ್ಷೆಯ ಪಟ್ಟಿಯ ಮೇಲೆ ಮೂಡುವ ಕೆಂಪು ಗೆರೆ ಅನೇಕ ಕಿಟ್‌ಗಳಲ್ಲಿ ಇದೇ ಚಿನ್ನ. ನ್ಯಾನೋ ತಂತ್ರಜ್ಞಾನ ನಾಳೆ ಬರಲಿದೆ ಎನ್ನುವವರಿಗೆ ನಾನು ಆ ಪಟ್ಟಿಯನ್ನು ನೆನಪಿಸುತ್ತೇನೆ.

ಈಗ ತೊಡಕಿನ ಕಡೆಗೆ ಬರುತ್ತೇನೆ. 2005ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಲೀಬರ್ ಅವರ ತಂಡ ಸಿಲಿಕಾನ್ ನ್ಯಾನೋತಂತಿಗಳಿಂದ ಮಿಲಿಲೀಟರಿಗೆ 0.9 ಪಿಕೋಗ್ರಾಂನಷ್ಟು ಅಲ್ಪ ಪಿಎಸ್‌ಎಯನ್ನು ಗುರುತಿಸಿತು. ಮೇಲಿನ 4 ನ್ಯಾನೋಗ್ರಾಂನ ನಾಲ್ಕು ಸಾವಿರದಲ್ಲೊಂದು ಪಾಲಿಗೂ ಕಡಿಮೆ. ಅದ್ಭುತ ಸಾಧನೆ, ಸಂಶಯವಿಲ್ಲ. ಆದರೆ ಪರೀಕ್ಷಿಸಿದ ಸೀರಮ್‌ನಿಂದ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವದಿಂದ, ಲವಣವನ್ನು ಮೊದಲೇ ತೆಗೆಯಲಾಗಿತ್ತು. ರಕ್ತದ ಉಪ್ಪಿನಲ್ಲಿ ಯಾವುದೇ ಆವೇಶದ ಸುತ್ತ ವಿರುದ್ಧ ಆವೇಶದ ಅಯಾನುಗಳು ಮುತ್ತಿಕೊಂಡು, ಒಂದು ನ್ಯಾನೋಮೀಟರ್ ದಾಟುವುದರೊಳಗೆ ಅದನ್ನು ಮರೆಮಾಡಿಬಿಡುತ್ತವೆ. ಸೂಚಕ ಕೂತಿರುವುದು ತಂತಿಗೆ ಅಂಟಿಸಿದ, ಹತ್ತು ನ್ಯಾನೋಮೀಟರ್ ಎತ್ತರದ ಪ್ರತಿಕಾಯದ ತುದಿಯಲ್ಲಿ. ಅದು ಎಷ್ಟು ಕೂಗಿದರೂ ತಂತಿಗೆ ಕೇಳಿಸುವುದಿಲ್ಲ. ಚಿಕ್ಕ ಪ್ರತಿಕಾಯ ತುಣುಕುಗಳನ್ನೋ ಪ್ರತಿಕಾಯದಂತೆಯೇ ಅಣುವನ್ನು ಹಿಡಿಯುವ, ಡಿಎನ್‌ಎಯಿಂದ ಮಾಡಿದ ಆಪ್ಟಮರ್‌ಗಳನ್ನೋ ಬಳಸಿ ಈ ದೂರವನ್ನು ಕುಗ್ಗಿಸುವ ಪ್ರಯತ್ನಗಳು ನಡೆದಿರುವುದು ಇದಕ್ಕೇ. ಸಾಲದೆಂಬಂತೆ, ಯಾವ ಹೊಸ ಮೇಲ್ಮೈ ಸಿಕ್ಕರೂ ರಕ್ತದ ಪ್ರೋಟೀನುಗಳು ಕ್ಷಣಾರ್ಧದಲ್ಲಿ ಅದನ್ನು ಮೆತ್ತಿಕೊಳ್ಳುತ್ತವೆ. ಉಪ್ಪುನೀರಿನ ಶುದ್ಧ ದ್ರಾವಣದಲ್ಲಿ ಮಿಂಚಿದ ಸಂವೇದಕ ನಿಜವಾದ ರಕ್ತ ಕಂಡೊಡನೆ ಮಂಕಾಗುವುದು ಇಲ್ಲಿಯೇ. ಹೀಗಾಗಿ ಸಂಶೋಧನಾ ಪ್ರಬಂಧ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಅದು ಎಷ್ಟು ಅಲ್ಪ ಪ್ರಮಾಣವನ್ನು ಗುರುತಿಸಬಲ್ಲದು ಎಂಬ ಪತ್ತೆ ಮಿತಿಯನ್ನಲ್ಲ, ಪರೀಕ್ಷಿಸಿದ ದ್ರವ ಯಾವುದು ಎಂಬುದನ್ನು.

ಇನ್ನೊಂದು ಲೆಕ್ಕವಿದೆ, ಅದು ಇನ್ನೂ ನಿರ್ದಾಕ್ಷಿಣ್ಯವಾದದ್ದು. 1 ಅಟ್ಟೋಮೋಲಾರ್ ಸಾಂದ್ರತೆ ಎಂದರೆ 50 ಮೈಕ್ರೋಲೀಟರಿನ ಒಂದು ಹನಿಯಲ್ಲಿ ಇರುವುದು ಸುಮಾರು 30 ಅಣುಗಳು, ಅಷ್ಟೇ. ಅವು ತಮ್ಮಷ್ಟಕ್ಕೆ ಅಲೆಯುತ್ತ ಬಂದು ಕಣ್ಣಿಗೆ ಕಾಣದಷ್ಟು ಚಿಕ್ಕ ತಂತಿಗೇ ತಾಗಬೇಕು. ಅದಕ್ಕಿಂತ ಸಾವಿರ ಪಟ್ಟು ಹೆಚ್ಚಿನ ಫೆಮ್ಟೋಮೋಲಾರ್ ಮಟ್ಟದಲ್ಲೂ ನಿಂತ ದ್ರವದಲ್ಲಿ ಇದಕ್ಕೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯಬಹುದು. ಸಂವೇದಕ ಚಿಕ್ಕದಾದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು.

ಕಾಂತೀಯ ಕಣಗಳ ಮೇಲೆ ನನಗೆ ಒಲವು ಹೆಚ್ಚಾಗಿರುವುದು ಈ ಕಾರಣಕ್ಕಾಗಿ. ಅವು ಅಣು ಬರಲಿ ಎಂದು ಕಾಯುತ್ತ ಕೂರುವುದಿಲ್ಲ. ದ್ರವದ ತುಂಬ ಹರಡಿ, ಬೇಕಾದದ್ದನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಅಯಸ್ಕಾಂತ ಹಿಡಿದರೆ ಎಲ್ಲವೂ ಒಂದು ಮೂಲೆಗೆ ಬಂದು ಸೇರುತ್ತವೆ, ಉಳಿದ ಗದ್ದಲವನ್ನು ತೊಳೆದು ಹಾಕಬಹುದು. 2003ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್ ಅವರ ತಂಡ ಇದಕ್ಕೆ ಚಿನ್ನವನ್ನೂ ಜೋಡಿಸಿತು: ಪಿಎಸ್‌ಎಯನ್ನು ಒಂದು ಕಡೆಯಿಂದ ಕಾಂತೀಯ ಕಣ, ಇನ್ನೊಂದು ಕಡೆಯಿಂದ ನೂರಾರು ಡಿಎನ್‌ಎ ಎಳೆಗಳನ್ನು ಹೊತ್ತ ಚಿನ್ನದ ಕಣ ಹಿಡಿದುಕೊಳ್ಳುತ್ತದೆ. ಕೊನೆಗೆ ಎಣಿಸುವುದು ಪ್ರೋಟೀನನ್ನಲ್ಲ, ಆ ಎಳೆಗಳನ್ನು. ಒಂದಕ್ಕೆ ನೂರಾರು ಸಾಕ್ಷಿಗಳು. ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಕೋಶಗಳನ್ನು 7.5 ಮಿಲಿಲೀಟರ್ ರಕ್ತದಿಂದ ಕಾಂತೀಯ ಕಣಗಳ ಮೂಲಕ ಹೆಕ್ಕುವ ಸೆಲ್‌ಸರ್ಚ್ ವ್ಯವಸ್ಥೆಗೆ 2004ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಒಂದು ಹನಿ ಸಾಲದು ಎಂಬುದನ್ನು ಅದರ ಅಳತೆಯೇ ಹೇಳುತ್ತದೆ.

ಇಷ್ಟೆಲ್ಲ ಗೆದ್ದರೂ ಸೂಚಕವೇ ಕೈಕೊಡಬಹುದು. ವಯಸ್ಸಾದಂತೆ ಗ್ರಂಥಿ ದಪ್ಪವಾದರೂ, ಸೋಂಕು ತಗುಲಿದರೂ ಪಿಎಸ್‌ಎ ಏರುತ್ತದೆ. ಅಂಡಾಶಯದ ಕ್ಯಾನ್ಸರಿಗೆ ನೋಡುವ ಸಿಎ-125 ಮುಟ್ಟಿನ ದಿನಗಳಲ್ಲೂ ಹೆಚ್ಚಾಗಬಹುದು. ಹತ್ತು ಸಾವಿರ ಜನರಲ್ಲಿ 50 ಮಂದಿಗೆ ಒಂದು ಕ್ಯಾನ್ಸರ್ ಇದೆ ಎಂದು ಇಟ್ಟುಕೊಳ್ಳಿ. ರೋಗವಿರುವವರಲ್ಲಿ ಶೇ. 90 ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ ಶೇ. 95 ಮಂದಿಗೆ ಸರಿಯಾಗಿ ‘ಇಲ್ಲ’ ಎನ್ನುವ ಪರೀಕ್ಷೆ 45 ರೋಗಿಗಳನ್ನು ಹಿಡಿಯುತ್ತದೆ. ಜೊತೆಗೆ ಸುಮಾರು 500 ಆರೋಗ್ಯವಂತರನ್ನೂ ಹೆದರಿಸುತ್ತದೆ. ಸಂವೇದಕವನ್ನು ಸಾವಿರ ಪಟ್ಟು ಸೂಕ್ಷ್ಮಗೊಳಿಸಿದ ಮಾತ್ರಕ್ಕೆ ಈ 500 ಕರಗುವುದಿಲ್ಲ, ಏಕೆಂದರೆ ಅವರ ರಕ್ತದಲ್ಲಿ ಆ ಪ್ರೋಟೀನ್ ನಿಜವಾಗಿಯೂ ಇದೆ. ಹಲವು ಸೂಚಕಗಳನ್ನು ಒಟ್ಟಿಗೆ ಅಳೆದರೆ ಸ್ವಲ್ಪ ದಾರಿ ಕಾಣುತ್ತದೆ.

ಹಾಗಾದರೆ ಅತಿ ಸೂಕ್ಷ್ಮತೆ ವ್ಯರ್ಥವೇ? ಅಲ್ಲ, ಅದಕ್ಕೆ ತಕ್ಕ ಜಾಗವಿದೆ. ಶಸ್ತ್ರಚಿಕಿತ್ಸೆಯಲ್ಲಿ ಪ್ರಾಸ್ಟೇಟನ್ನೇ ಪೂರ್ತಿ ತೆಗೆದ ಮೇಲೆ ಪಿಎಸ್‌ಎ ಬಹುತೇಕ ಸೊನ್ನೆಗೆ ಇಳಿಯಬೇಕು. ಅದನ್ನು ಏರಿಸುವ ದಪ್ಪ ಗ್ರಂಥಿಯೂ ಇಲ್ಲ, ಗ್ರಂಥಿಯ ಸೋಂಕೂ ಇಲ್ಲ. ಮಟ್ಟ 0.2 ನ್ಯಾನೋಗ್ರಾಂಗೆ ಏರಿ, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಇದ್ದರೆ ರೋಗ ಮರಳಿದೆ ಎಂದು ವೈದ್ಯರು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಆ ಗೆರೆಗಿಂತ ಬಹಳ ಕೆಳಗಿನ ಏರಿಳಿತವನ್ನು, ಅದೇ ರೋಗಿಯ ಹಿಂದಿನ ಅಳತೆಗಳ ಜೊತೆಗೇ ಹೋಲಿಸುತ್ತ ನೋಡುವುದಕ್ಕೆ ನ್ಯಾನೋ ಸಂವೇದಕ ಹೇಳಿ ಮಾಡಿಸಿದ್ದು. ಮಿರ್ಕಿನ್ ತಂಡ 2009ರಲ್ಲಿ ತನ್ನ ವಿಧಾನವನ್ನು ಪರೀಕ್ಷೆಗೆ ಒಡ್ಡಿದ್ದು ಇಂಥ ರೋಗಿಗಳ ರಕ್ತದ ಮೇಲೆಯೇ.

ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.